ಫ್ಲಾಪಿಗೂ ಒಂದು ಪಡಿಯಚ್ಚು

ಕಲ್ಲಿನ ಮೇಲೆ ಕೊರೆದ ಅಕ್ಷರ ಸಾವಿರ ವರ್ಷ ಬಾಳುತ್ತದೆ. ಓಲೆಯ ಮೇಲಿನದು ಕೆಲವು ನೂರು ವರ್ಷ. ಹಾಗಾದರೆ ಫ್ಲಾಪಿಯ ಮೇಲೆ ಬರೆದದ್ದು ಎಷ್ಟು ಕಾಲ ಉಳಿದೀತು? ಈ ಪ್ರಶ್ನೆ ವಿನೋದಕ್ಕೆ ಕೇಳಿದುದಲ್ಲ. 1990ರ ದಶಕದಲ್ಲಿಯೂ ಅದರ ಮುಂದಿನ ನಾಲ್ಕಾರು ವರ್ಷಗಳಲ್ಲಿಯೂ ನಮ್ಮ ಕನ್ನಡದ ಎಷ್ಟೋ ಬರವಣಿಗೆ, ಅಂದರೆ ಸ್ಮರಣ ಸಂಚಿಕೆ, ಊರಿನ ಚರಿತ್ರೆ, ಹಾಡುಗಳ ಸಂಗ್ರಹ, ಈ ಫ್ಲಾಪಿಗಳೊಳಗೆ ಸೇರಿತು. ತಮ್ಮ ಮನೆಯ ಬೀರುವಿನಲ್ಲಿಯೂ ಅಂಥವು ನಾಲ್ಕು ಇದ್ದಾವು. ಅವುಗಳಲ್ಲಿರುವುದನ್ನು ಹಾರ್ಡ್ ಡಿಸ್ಕಿಗೆ ತೆಗೆದಿಡುವ ಬಗೆ ಯಾವುದೆಂಬುದನ್ನು ಇಲ್ಲಿ ವಿಚಾರಿಸೋಣ.

ನನಗೆ ಈ ಚಿಂತೆ ಹತ್ತಿದ್ದು ಸ್ವಂತ ತಪ್ಪಿನಿಂದ. 1998ರಲ್ಲಿ ನಾನೂ ನನ್ನ ವಿದ್ಯಾರ್ಥಿಗಳೂ ಅರಸೀಕೆರೆಯ ಸುತ್ತಿನ ಹಳ್ಳಿಗಳಲ್ಲಿ ಅಜ್ಜಿಯರ ಬಾಯಿಂದ ಬೀಸುವ ಪದಗಳನ್ನು ಬರೆದುಕೊಂಡು, ಅವನ್ನು ಕಂಪ್ಯೂಟರಿನಲ್ಲಿ ಅಚ್ಚುಮಾಡಿಸಿ ನಾಲ್ಕು ಫ್ಲಾಪಿಗಳಲ್ಲಿ ತುಂಬಿಸಿದೆವು. ಇನ್ನೇನು ಭಯವೆಂದು ನೋಟ್ ಪುಸ್ತಕಗಳನ್ನು ರದ್ದಿಗೆ ಹಾಕಿದೆ. ಆ ಅಜ್ಜಿಯರು ಈಗಿಲ್ಲ. ಈಚೆಗೆ ಫ್ಲಾಪಿಗಳನ್ನು ಹೊರತೆಗೆದಾಗ ಮೂರು ಓದಿಸಿಕೊಂಡವು. ನಾಲ್ಕನೆಯದು ಬಾಯಿ ಬಿಡಲಿಲ್ಲ.

ಫ್ಲಾಪಿಯ ಚೌಕದ ಕವಚದೊಳಗೆ ಇರುವುದು ಒಂದು ತೆಳುವಾದ ದುಂಡು ಪ್ಲಾಸ್ಟಿಕ್ ಹಾಳೆ. ಅದಕ್ಕೆ ಕಬ್ಬಿಣದ ಆಕ್ಸೈಡಿನ ಲೇಪನವಿದೆ. ಆ ಲೇಪನದಲ್ಲಿ ಅಯಸ್ಕಾಂತದ ಗುರುತುಗಳಾಗಿ ಬರವಣಿಗೆ ನಿಲ್ಲುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿದ್ದ ಮೂರೂವರೆ ಅಂಗುಲದ ಫ್ಲಾಪಿಯ ಒಂದೊಂದು ಮುಖದಲ್ಲಿ 80 ಸುತ್ತುಗಳು, ಸುತ್ತಿಗೆ ಸೆಕ್ಟರ್ ಎಂಬ 18 ಖಂಡಗಳು, ಖಂಡಕ್ಕೆ 512 ಬೈಟುಗಳು. ಎರಡು ಮುಖ ಸೇರಿ 2,880 ಖಂಡ, 14,74,560 ಬೈಟು. ಇವುಗಳಲ್ಲಿ ಮೊದಲ 33 ಖಂಡಗಳು ಪುಸ್ತಕದ ವಿಷಯಾನುಕ್ರಮಣಿಕೆಯಂತೆ: ಯಾವ ಕಡತ ಎಲ್ಲಿದೆಯೆಂಬ ಲೆಕ್ಕ ಅಲ್ಲಿರುತ್ತದೆ.

ಕಂಪ್ಯೂಟರಿನಲ್ಲಿ ನಾವು ದಿನವೂ ಮಾಡುವ ನಕಲು ಈ ಅನುಕ್ರಮಣಿಕೆಯನ್ನು ನಂಬಿ ನಡೆಯುತ್ತದೆ. ಆ ಪುಟವೇ ಕೆಟ್ಟಿದ್ದರೆ, ಒಳಗಿನ ಬರಹ ನೆಟ್ಟಗಿದ್ದರೂ ಅದು ಕೈಗೆ ಸಿಗುವುದಿಲ್ಲ. ಆಗ ಯಂತ್ರ 'ಈ ಫ್ಲಾಪಿಯನ್ನು ಫಾರ್ಮ್ಯಾಟ್ ಮಾಡಲೆ?' ಎಂದು ಕೇಳುತ್ತದೆ. ಓದುಗರು ಈ ಮಾತನ್ನು ಚೆನ್ನಾಗಿ ನೆನಪಿಡಬೇಕು: ಬೇಡವೆನ್ನಿ. ಹೂಂ ಎಂದರೆ ಬರೆದ ಹಲಗೆಯನ್ನು ನಾವೇ ಒರೆಸಿದಂತೆ.

ಇಲ್ಲಿ ನಮ್ಮ ಶಾಸನ ವಿದ್ವಾಂಸರ ಪದ್ಧತಿ ದಾರಿ ತೋರಿಸುತ್ತದೆ. ಅವರು ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಹಾಸಿ, ಕುಂಚದಿಂದ ತಟ್ಟಿ, ಮೇಲೆ ಮಸಿ ಒತ್ತಿ ಪಡಿಯಚ್ಚು ತೆಗೆಯುತ್ತಾರೆ. ಅದರಲ್ಲಿ ಅಕ್ಷರವೂ ಬರುತ್ತದೆ, ಬಿರುಕೂ ಬರುತ್ತದೆ. ಪಾಠವನ್ನು ನಿರ್ಣಯಿಸುವುದು ಆಮೇಲಿನ ಕೆಲಸ. ಅರಸೀಕೆರೆ ತಾಲ್ಲೂಕಿನ ಶಾಸನಗಳು ಬಿ. ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ಹಾಸನ ಸಂಪುಟದಲ್ಲಿ 1902ರಲ್ಲಿ ಅಚ್ಚಾದವು. 1972ರಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಆ ಗ್ರಂಥಮಾಲೆಯನ್ನು ಪರಿಷ್ಕರಿಸಿ ಹೊರತರತೊಡಗಿತು. ಮೂಲದ ಅಚ್ಚು ಕೈಯಲ್ಲಿದ್ದರೆ ಪಾಠವನ್ನು ಎಂದಾದರೂ ತಿದ್ದಬಹುದು.

ಫ್ಲಾಪಿಗೂ ಇಂಥ ಪಡಿಯಚ್ಚು ಉಂಟು. ಇಮೇಜ್ ಎಂದು ಅದರ ಹೆಸರು. ಇದನ್ನು ತೆಗೆಯುವ ಪ್ರೋಗ್ರಾಮು ಅನುಕ್ರಮಣಿಕೆಯ ಗೊಡವೆಗೆ ಹೋಗದೆ 2,880 ಖಂಡಗಳನ್ನೂ ಮೊದಲಿಂದ ಕೊನೆಯವರೆಗೆ ಓದಿ, ಹಾರ್ಡ್ ಡಿಸ್ಕಿನಲ್ಲಿ ಒಂದೇ ಕಡತವಾಗಿ ಇಳಿಸುತ್ತದೆ. ವಿನ್‌ಇಮೇಜ್, ಡಿಡಿರೆಸ್ಕ್ಯೂ ಮುಂತಾದವು ಇಂಥವು. ಎರಡನೆಯದು ಮೊದಲು ಸುಲಭವಾಗಿ ಬರುವ ಖಂಡಗಳನ್ನು ತೆಗೆದುಕೊಂಡು, ಬಾರದವುಗಳಿಗೆ ಮತ್ತೆ ಮತ್ತೆ ಕೈಹಾಕುತ್ತದೆ. ಕೊನೆಗೂ ಬಾರದ ಖಂಡಗಳ ಪಟ್ಟಿಯನ್ನು ಪ್ರಾಮಾಣಿಕವಾಗಿ ಬರೆದಿಡುತ್ತದೆ. ಒಂದು ಟೆರಾಬೈಟಿನ ಹಾರ್ಡ್ ಡಿಸ್ಕಿನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಫ್ಲಾಪಿಗಳ ಪಡಿಯಚ್ಚು ಹಿಡಿಸುವುದರಿಂದ ಜಾಗಕ್ಕೆ ಕೊರತೆಯಿಲ್ಲ.

ಕೆಲಸಕ್ಕೆ ತೊಡಗುವ ಮುನ್ನ ಕೆಲವು ಎಚ್ಚರಿಕೆಗಳು. ಯುಎಸ್‌ಬಿ ತಂತಿಯಿಂದ ಜೋಡಿಸುವ ಫ್ಲಾಪಿ ಯಂತ್ರ ಮೂರೂವರೆ ಅಂಗುಲದವಕ್ಕೆ ಸಾಕು. ಐದೂಕಾಲು ಅಂಗುಲದ್ದಕ್ಕೆ ಹಳೆಯ ಯಂತ್ರವನ್ನೇ ಹುಡುಕಬೇಕು. ಮೂರೂವರೆ ಅಂಗುಲದ ಫ್ಲಾಪಿಯ ಮೂಲೆಯ ಗುಂಡಿಯನ್ನು ಸರಿಸಿ ಕಿಂಡಿ ತೆರೆದಿಟ್ಟರೆ ಯಂತ್ರ ಅದರ ಮೇಲೆ ಏನನ್ನೂ ಬರೆಯಲಾರದು. ಹಾಗೆ ಮಾಡಿಯೇ ಒಳಗೆ ಹಾಕಿ. ಬೂಷ್ಟು ಹಿಡಿದ ಫ್ಲಾಪಿಯನ್ನು ಹಾಕಬೇಡಿ. ಅದರ ಕೊಳೆ ಯಂತ್ರಕ್ಕೆ ಅಂಟಿ ಮುಂದಿನದನ್ನೂ ಗೀಚೀತು. ಮೇಲಿನ ಚೀಟಿಯಲ್ಲಿರುವ ಬರಹವನ್ನು ತಪ್ಪದೆ ಗುರುತುಹಾಕಿಕೊಳ್ಳಿ. ಪಡಿಯಚ್ಚಿನ ಪ್ರತಿ ಒಂದು ಮನೆಯಲ್ಲಿರಲಿ, ಇನ್ನೊಂದು ಬೇರೆ ಊರಿನ ನೆಂಟರಲ್ಲಿರಲಿ.

ಇಷ್ಟಾದ ಮೇಲೂ ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ಅಂದಿನ ಲಿಪಿ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಆ ಫಾಂಟ್ ಇಲ್ಲದಿದ್ದರೆ ಪರದೆಯ ಮೇಲೆ ಕಾಣುವುದು ಅರ್ಥವಿಲ್ಲದ ಕಲಸುಮೇಲೋಗರ. ಅದನ್ನು ಕಂಡು ಫ್ಲಾಪಿ ಕೆಟ್ಟಿತೆಂದು ಎಸೆದವರುಂಟು. ಕೆಟ್ಟಿರುವುದಿಲ್ಲ, ಓದುವ ಲಿಪಿ ಮರೆತಿದೆ, ಅಷ್ಟೆ. ಯೂನಿಕೋಡ್ ಎಂಬ ಸಾರ್ವತ್ರಿಕ ಸಂಕೇತದಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದೆ. ನುಡಿ, ಬರಹ ಮೊದಲಾದವುಗಳಲ್ಲಿ ಬರೆದ ಹಳೆಯ ಕಡತಗಳನ್ನು ಅದಕ್ಕೆ ಪರಿವರ್ತಿಸುವ ಸಾಧನಗಳು ದೊರೆಯುತ್ತವೆ. ಪರಿವರ್ತಿಸಿದ ಬಳಿಕ ಒತ್ತಕ್ಷರ, ಅರ್ಕಾವತ್ತುಗಳ ಮೇಲೆ ಕಣ್ಣಾಡಿಸುವುದು ಅವಶ್ಯ.

ಇನ್ನು ನನ್ನ ನಾಲ್ಕನೆಯ ಫ್ಲಾಪಿಯ ಕಥೆ. ಸ್ನೇಹಿತರೊಬ್ಬರ ಹಳೆಯ ಕಂಪ್ಯೂಟರಿನಲ್ಲಿ ಅದನ್ನು ಹಾಕಿದಾಗ, ಒಂದು ಯಂತ್ರಕ್ಕೆ ಬಾರದ್ದು ಇನ್ನೊಂದಕ್ಕೆ ಬಂದಿತು. ಮೂರು ಖಂಡಗಳು ಮಾತ್ರ ಉಳಿದುಹೋದವು. ಎರಡರಲ್ಲಿ ಹಾಡಿರಲಿಲ್ಲ. ಮೂರನೆಯದು ಒಂದು ಪದದ ನಟ್ಟನಡುವೆ ಬಿದ್ದು, ನಾಲ್ಕೈದು ತ್ರಿಪದಿಗಳು ಹೋದವು. ತ್ರಿಪದಿಯ ಗಣವಿನ್ಯಾಸ ಬಲ್ಲವನಿಗೆ ಆ ಸಾಲುಗಳನ್ನು ಹೊಸೆದು ತುಂಬುವುದು ಕಷ್ಟವಲ್ಲ. ಒಂದು ಸಂಜೆ ಲೇಖನಿ ಹಿಡಿದು ಕುಳಿತದ್ದೂ ಉಂಟು. ಆದರೆ ಶಾಸನದಲ್ಲಿ ಅಕ್ಷರ ಸವೆದಲ್ಲಿ ವಿದ್ವಾಂಸರು ಚುಕ್ಕಿಗಳನ್ನಿಡುತ್ತಾರೆಯೇ ಹೊರತು ತಮ್ಮ ಕವಿತ್ವವನ್ನಲ್ಲ. ನಾನೂ ಅಲ್ಲಿ ಚುಕ್ಕಿಗಳನ್ನೇ ಇಟ್ಟಿದ್ದೇನೆ. ಆ ಹಾಡನ್ನು ತಾಯಿಯಿಂದಲೋ ಅಜ್ಜಿಯಿಂದಲೋ ಕೇಳಿದವರು ಯಾವುದಾದರೂ ಹಟ್ಟಿಯಲ್ಲಿ ಇನ್ನೂ ಇದ್ದಾರು. ಅವರು ಬಂದು ತುಂಬಲೆಂದು ಆ ಜಾಗ ಕಾದಿದೆ.

ಓದುಗರೇ, ತಮ್ಮ ಬೀರುವಿನ ಫ್ಲಾಪಿಗಳನ್ನು ಈ ಭಾನುವಾರವೇ ಹೊರತೆಗೆಯಿರಿ.