ಕುಕ್ಕರ್ ಒಲೆಯ ಮೇಲಿರುವಾಗ ಕೊಟ್ಟಿಗೆಗೆ ಹೋಗಬೇಡಿ

ಬೆಳಗಿನ ಹೊತ್ತು ಹಾಲು ಉತ್ಪಾದಕರ ಮನೆಯಲ್ಲಿ ಎಲ್ಲ ಕೆಲಸವೂ ಒಂದೇ ಗಳಿಗೆಗೆ ಬಂದು ನಿಲ್ಲುತ್ತದೆ. ಹಸು ಕರೆಯಬೇಕು, ಕರುವಿಗೆ ಹಾಲು ಬಿಡಬೇಕು, ಹಾಲು ತೆಗೆದುಕೊಳ್ಳುವ ಸಮಯ ಮುಗಿಯುವ ಮೊದಲು ಕ್ಯಾನು ಹೊತ್ತು ಸಂಘಕ್ಕೆ ಹೋಗಬೇಕು, ಶಾಲೆಗೆ ಹೊರಡುವ ಮಕ್ಕಳಿಗೆ ಅಡುಗೆಯೂ ಆಗಬೇಕು. ಇಂತಹ ಗಡಿಬಿಡಿಯಲ್ಲಿ ಪ್ರೆಷರ್ ಕುಕ್ಕರ್ ನಮಗೆ ದೊಡ್ಡ ಸಹಾಯ. ಆದರೆ ಇದರ ಜೊತೆಗೆ ಒಂದು ಕೆಟ್ಟ ಅಭ್ಯಾಸವೂ ಬೆಳೆದಿದೆ. “ಕೂಗಿದರೆ ಕೇಳಿಸುತ್ತದೆ ಬಿಡು” ಎಂದು ಕುಕ್ಕರನ್ನು ಒಲೆಯ ಮೇಲಿಟ್ಟು ಕೊಟ್ಟಿಗೆಗೆ ಹೋಗಿಬಿಡುತ್ತೇವೆ.

ಕೂಗುವ ಕುಕ್ಕರ್ ಸರಿಯಾಗಿರುವ ಕುಕ್ಕರ್. ಅಪಾಯವಿರುವುದು ಕೂಗದಿರುವ ಕುಕ್ಕರಿನಲ್ಲಿ. ಆವಿ ಹೋಗುವ ದಾರಿ ಕಟ್ಟಿಕೊಂಡರೂ ಅದು ಕೂಗುವುದಿಲ್ಲ, ಒಳಗಿನ ನೀರು ಬತ್ತಿ ಹೋದರೂ ಕೂಗುವುದಿಲ್ಲ. ಕೊಟ್ಟಿಗೆಯಲ್ಲಿರುವವರಿಗೆ ಅದು ತಿಳಿಯುವ ಬಗೆಯೇ ಇಲ್ಲ. ಹೊಸದಾಗಿ ಅಡುಗೆ ಕಲಿಯುತ್ತಿರುವ ಹೆಣ್ಣುಮಕ್ಕಳೂ, ಮನೆಯಾಕೆ ತವರಿಗೆ ಹೋದಾಗ ಒಲೆ ಹಚ್ಚುವ ಗಂಡಸರೂ ಈ ಮಾತನ್ನು ಮೊದಲು ತಿಳಿಯಬೇಕು.

ಕುಕ್ಕರ್ ಕೆಲಸ ಮಾಡುವ ಬಗೆ

ತೆರೆದ ಪಾತ್ರೆಯಲ್ಲಿ ನೀರು ಸುಮಾರು 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರವಿರುವ ಬೆಂಗಳೂರಿನಂತಹ ಕಡೆ 97 ಡಿಗ್ರಿಗೇ ಕುದಿಯುತ್ತದೆ. ಎಷ್ಟು ಸೌದೆ ಒಟ್ಟಿದರೂ ಅದಕ್ಕಿಂತ ಹೆಚ್ಚು ಬಿಸಿಯಾಗದು. ಕುಕ್ಕರಿನಲ್ಲಿ ಮುಚ್ಚಳ ಬಿಗಿಯಾಗಿರುವುದರಿಂದ ಆವಿ ಒಳಗೇ ಸೇರಿ ಒತ್ತಡ ಏರುತ್ತದೆ. ಒತ್ತಡ ಏರಿದಂತೆ ನೀರು ಕುದಿಯುವ ಉಷ್ಣತೆಯೂ ಏರಿ 120 ಡಿಗ್ರಿಯವರೆಗೆ ಮುಟ್ಟುತ್ತದೆ. ಆದ್ದರಿಂದಲೇ ಬೇಳೆ, ಕಾಳು ಬೇಗ ಬೇಯುತ್ತವೆ.

ಸಾಮಾನ್ಯವಾಗಿ ಮನೆಯ ಕುಕ್ಕರಿನ ವೆಯ್ಟ್, ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡಕ್ಕೆ ಮೇಲೆದ್ದು ಆವಿ ಬಿಡುತ್ತದೆ. ಇದೇನು ಮಹಾ ಎನ್ನಬೇಡಿ. 20 ಸೆಂಟಿಮೀಟರ್ ಅಗಲದ ಮುಚ್ಚಳದ ವಿಸ್ತೀರ್ಣ 314 ಚದರ ಸೆಂಟಿಮೀಟರ್. ಅಂದರೆ ಮುಚ್ಚಳವನ್ನು ಆವಿ ಒಳಗಿನಿಂದ ಸುಮಾರು 300 ಕಿಲೋ ಬಲದಿಂದ ಒತ್ತುತ್ತಿರುತ್ತದೆ. 50 ಕಿಲೋ ತೂಗುವ ಆರು ಮೂಟೆ ಪಶು ಆಹಾರವನ್ನು ಒಂದರ ಮೇಲೊಂದು ಪೇರಿಸಿದಷ್ಟು ಭಾರ ಅದು. ಒತ್ತಡ ಇಳಿಯುವ ಮೊದಲೇ ಬಲವಂತದಿಂದ ಮುಚ್ಚಳ ತೆಗೆದರೆ, 100 ಡಿಗ್ರಿಗಿಂತ ಹೆಚ್ಚು ಕಾದಿದ್ದ ನೀರು ಆ ಕ್ಷಣವೇ ಉಕ್ಕಿ, ಬೇಳೆಯ ಸಮೇತ ಮುಖಕ್ಕೆ, ಎದೆಗೆ ರಾಚುತ್ತದೆ.

ಈ ಅಪಾಯ ಮೊದಲಿನಿಂದಲೂ ತಿಳಿದದ್ದೇ. 1679ರಲ್ಲಿ ಫ್ರಾನ್ಸ್ ದೇಶದ ವಿಜ್ಞಾನಿ ಡೆನಿ ಪಾಪಿನ್ ಲಂಡನ್ನಿನಲ್ಲಿ ಇಂತಹ ಪಾತ್ರೆಯನ್ನು ತಯಾರಿಸಿದಾಗ, ಆವಿ ಮಿತಿಮೀರದಂತೆ ಅದಕ್ಕೊಂದು ಸೇಫ್ಟಿ ವಾಲ್ವನ್ನೂ ರೂಪಿಸಿದನು.

ಒಲೆಗೆ ಇಡುವ ಮೊದಲು ನೋಡಬೇಕಾದ ಮೂರು ಭಾಗಗಳು

1. ಆವಿ ಕೊಳವೆ: ಮುಚ್ಚಳದ ಮೇಲೆ ವೆಯ್ಟ್ ಕೂರುವ ಸಣ್ಣ ಕೊಳವೆ ಇದು. ಪ್ರತಿ ಸಲವೂ ಮುಚ್ಚಳವನ್ನು ಬೆಳಕಿಗೆ ಹಿಡಿದು ಕೊಳವೆಯ ತೂತಿನ ಮೂಲಕ ನೋಡಿರಿ. ಬೆಳಕು ಕಾಣದಿದ್ದರೆ ಕಡ್ಡಿ ಅಥವಾ ಪಿನ್ನಿನಿಂದ ಚೊಕ್ಕಟ ಮಾಡಿ ನೀರು ಬಿಟ್ಟು ತೊಳೆಯಿರಿ. ಅವರೆಕಾಳು, ಹುರುಳಿಗಳ ಸಿಪ್ಪೆ ಇಲ್ಲಿ ಸಿಕ್ಕಿಕೊಳ್ಳುವುದು ಹೆಚ್ಚು.

2. ಗ್ಯಾಸ್ಕೆಟ್: ಈ ರಬ್ಬರ್ ಬಳೆ ಮೆತ್ತಗಿರಬೇಕು. ಗಟ್ಟಿಯಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಸಡಿಲವಾಗಿದ್ದರೆ ಬದಲಾಯಿಸಿರಿ. ಪಕ್ಕದಿಂದ ಆವಿ ಹೋಗುತ್ತಿದ್ದರೆ ವೆಯ್ಟ್ ಏಳದೆ ನೀರು ಸುಮ್ಮನೆ ಬತ್ತುತ್ತದೆ. ತೊಳೆದ ಮೇಲೆ ಗ್ಯಾಸ್ಕೆಟನ್ನು ಬಿಡಿಯಾಗಿ ಒಣಗಿಸಿಡಿರಿ.

3. ಸೇಫ್ಟಿ ವಾಲ್ವ್: ಸಾಮಾನ್ಯವಾಗಿ ಇದರೊಳಗೆ ಬೇಗ ಕರಗುವ ಲೋಹದ ಸಣ್ಣ ತುಂಡು ಇರುತ್ತದೆ. ಕುಕ್ಕರ್ ಮಿತಿಮೀರಿ ಕಾದರೆ ಅದು ಕರಗಿ ಆವಿಗೆ ದಾರಿ ಬಿಡುತ್ತದೆ. ಹೀಗೆ ಒಮ್ಮೆ ಹೋದ ವಾಲ್ವಿನ ಜಾಗಕ್ಕೆ ಬಟ್ಟೆ ತುರುಕುವುದು, ಬೆಸುಗೆ ಹಾಕಿಸುವುದು, ಬೇರೆ ತಿರುಪು ಕೂರಿಸುವುದು ಪ್ರಾಣಕ್ಕೆ ಅಪಾಯ. ಅದೇ ಕಂಪನಿಯ ಹೊಸ ವಾಲ್ವನ್ನೇ ಹಾಕಿಸಿರಿ.

ಹೊಸ ಕುಕ್ಕರ್ ಕೊಳ್ಳುವಾಗ ಐ.ಎಸ್.ಐ. ಗುರುತು ಮತ್ತು ಐ.ಎಸ್. 2347 ಎಂಬ ಸಂಖ್ಯೆಯನ್ನು ನೋಡಿ ಕೊಳ್ಳಿರಿ. 2021ರ ಫೆಬ್ರವರಿ 1ರಿಂದ ಮನೆಬಳಕೆಯ ಕುಕ್ಕರಿಗೆ ಈ ಗುರುತು ಕಡ್ಡಾಯವಾಗಿದೆ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಗುರುತಿಲ್ಲದ ಮಾಲಿಗೆ ಮರುಳಾಗಬೇಡಿ.

ಎಷ್ಟು ತುಂಬಬೇಕು?

ನೀರೂ ಸೇರಿ ಕುಕ್ಕರಿನ ಮೂರರಲ್ಲಿ ಎರಡು ಭಾಗಕ್ಕಿಂತ ಹೆಚ್ಚು ತುಂಬಬಾರದು. ನೊರೆ ಬರುವ, ಉಬ್ಬುವ ಅಕ್ಕಿ, ಬೇಳೆ, ಕಾಳುಗಳನ್ನು ನೇರವಾಗಿ ಬೇಯಿಸುವುದಾದರೆ ಅರ್ಧಕ್ಕಿಂತ ಹೆಚ್ಚು ಬೇಡ. ಬೇಳೆಗೆ ನಾಲ್ಕು ಹನಿ ಎಣ್ಣೆ ಹಾಕಿದರೆ ನೊರೆ ಕಡಿಮೆಯಾಗುತ್ತದೆ. ಕಾಳು ಬೇಗ ಬೇಯಲೆಂದು ಅಡುಗೆ ಸೋಡಾ ಹಾಕಬೇಡಿ, ನೊರೆ ಉಕ್ಕಿ ಕೊಳವೆಗೆ ನುಗ್ಗುತ್ತದೆ. ದನಗಳಿಗೆ ಹುರುಳಿ ಬೇಯಿಸುವಾಗ “ಒಂದೇ ಸಲಕ್ಕೆ ಆಗಲಿ” ಎಂದು ಬಾಯಿಮಟ್ಟ ತುಂಬುವುದುಂಟು. ಇದು ಬಹಳ ತಪ್ಪು. ದನದ ಹುರುಳಿಗೆ ದೊಡ್ಡ ಹಂಡೆಯೇ ಲೇಸು. ಅಂಬಲಿ, ಗಂಜಿಯಂತಹ ಮಂದವಾದ ಪದಾರ್ಥವನ್ನೂ ಹಾಲನ್ನೂ ಕುಕ್ಕರಿಗೆ ಸುರಿದು ವೆಯ್ಟ್ ಹಾಕಿ ಕುದಿಸಬಾರದು. ಗಿಣ್ಣು ಮಾಡುವುದಾದರೆ ಗಿಣ್ಣುಹಾಲನ್ನು ಬೇರೆ ಪಾತ್ರೆಯಲ್ಲಿಟ್ಟು, ತಳದಲ್ಲಿ ನೀರು ಹಾಕಿ, ವೆಯ್ಟ್ ಇಲ್ಲದೆ ಹಬೆಯಲ್ಲಿ ಬೇಯಿಸಿರಿ.

ಹೊಸಬರ ಮೊದಲ ಪಾಠ

ಮೊದಲ ದಿನ ಅನ್ನ ಬೇಳೆ ಯಾವುದೂ ಬೇಡ. ಮೂರು ಲೋಟ ನೀರು ಮಾತ್ರ ಹಾಕಿ ಮುಚ್ಚಳ ಮುಚ್ಚಿರಿ. ಮುಚ್ಚಳದ ಹಿಡಿಯೂ ಪಾತ್ರೆಯ ಹಿಡಿಯೂ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಕೊಳವೆಯಿಂದ ಆವಿ ಎಡೆಬಿಡದೆ ಬರತೊಡಗಿದ ಮೇಲೆ ವೆಯ್ಟ್ ಇಡಿರಿ. ಹೀಗೆ ಮಾಡಿದರೆ ಕೊಳವೆ ಕಟ್ಟಿಲ್ಲ ಎಂಬುದೂ ಖಾತ್ರಿಯಾಗುತ್ತದೆ. ಒಂದು ಸಲ ಕೂಗಿದ ಕೂಡಲೇ ಉರಿ ಸಣ್ಣಗೆ ಮಾಡಿರಿ. ಸೌದೆ ಒಲೆಯಾದರೆ ಕೊಳ್ಳಿಗಳನ್ನು ಹಿಂದಕ್ಕೆ ಎಳೆಯಿರಿ. ಕೂಗು, ಆವಿಯ ಸದ್ದು, ಒತ್ತಡ ಇಳಿಯುವ ಬಗೆ ಎಲ್ಲವೂ ಅಭ್ಯಾಸವಾಗಿ ಭಯ ಹೋಗುತ್ತದೆ.

ಉರಿ ಆರಿಸಿದ ಮೇಲೆ ಕುಕ್ಕರನ್ನು ತಾನಾಗಿ ತಣಿಯಲು ಬಿಡಿರಿ. ಹತ್ತು ಹದಿನೈದು ನಿಮಿಷ ಬೇಕಾಗಬಹುದು. ಆಮೇಲೆ ಚಮಚದಿಂದ ವೆಯ್ಟನ್ನು ಸ್ವಲ್ಪವೇ ಎತ್ತಿ ನೋಡಿರಿ. “ಸುಸ್” ಎಂದರೆ ಒತ್ತಡ ಇನ್ನೂ ಇದೆ ಎಂದೇ ಅರ್ಥ. ಸದ್ದಿಲ್ಲದಿದ್ದರೆ ಮಾತ್ರ, ಮುಖ ದೂರವಿಟ್ಟು ಮುಚ್ಚಳ ತೆಗೆಯಿರಿ. ಮುಚ್ಚಳ ಬರದಿದ್ದರೆ ಕಾಯಿರಿ. ಒನಕೆ, ಸುತ್ತಿಗೆಗಳಿಂದ ತಟ್ಟಬೇಡಿ.

ಕೂಗದಿದ್ದರೆ ಏನು ಮಾಡಬೇಕು?

ವೆಯ್ಟ್ ಇಟ್ಟು ಬಹಳ ಹೊತ್ತಾದರೂ ಕೂಗದಿದ್ದರೆ, ಸೀದ ವಾಸನೆ ಬಂದರೆ, ಮೊದಲು ಉರಿ ಆರಿಸಿರಿ. ಸೌದೆ ಒಲೆಯಾದರೆ ಕೆಂಡವನ್ನೂ ಹೊರಗೆಳೆದು ದೂರ ನಿಲ್ಲಿರಿ. ಕುಕ್ಕರನ್ನು ಅಲುಗಾಡಿಸಬೇಡಿ, ವೆಯ್ಟ್ ಮುಟ್ಟಬೇಡಿ, ಬಗ್ಗಿ ನೋಡಬೇಡಿ. ಪೂರ್ತಿ ತಣ್ಣಗಾದ ಮೇಲೆ ತೆಗೆದು ಕೊಳವೆ, ಗ್ಯಾಸ್ಕೆಟ್, ವಾಲ್ವ್ ಮೂರನ್ನೂ ಪರೀಕ್ಷಿಸಿರಿ.

ಸುಟ್ಟರೆ ಬೆಣ್ಣೆ ಹಚ್ಚಬೇಡಿ

ನಮ್ಮ ಮನೆಗಳಲ್ಲಿ ಬೆಣ್ಣೆ ತುಪ್ಪ ಕೈಗೆಟುಕುವಂತಿರುವುದರಿಂದ ಸುಟ್ಟ ಜಾಗಕ್ಕೆ ಅದನ್ನೇ ಬಳಿಯುವ ರೂಢಿಯಿದೆ. ಇದರಿಂದ ಶಾಖ ಒಳಗೇ ಉಳಿಯುತ್ತದೆ, ಗಾಯಕ್ಕೆ ಸೋಂಕು ತಗಲಬಹುದು. ಟೂತ್‌ಪೇಸ್ಟ್, ಶಾಯಿಯೂ ಬೇಡ. ಬಳೆ ಉಂಗುರ ತೆಗೆದು, ಸುಟ್ಟ ಭಾಗದ ಮೇಲೆ 20 ನಿಮಿಷ ತಣ್ಣೀರು ಹರಿಯಬಿಡಿರಿ. ಬೊಬ್ಬೆ ಒಡೆಯಬಾರದು. ಒಗೆದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ಆಸ್ಪತ್ರೆಗೆ ಕರೆದೊಯ್ಯಿರಿ. ಮುಖ, ಕಣ್ಣು ಸುಟ್ಟಿದ್ದರೆ ಅಥವಾ ಗಾಯ ದೊಡ್ಡದಾಗಿದ್ದರೆ ತಡ ಮಾಡದೆ 108ಕ್ಕೆ ಕರೆ ಮಾಡಿರಿ.

ಕೊನೆಯ ಮಾತು

ಹಸು ಕರೆಯುವ ಮೊದಲು ಕುಕ್ಕರ್ ಇಳಿಸಿರಿ, ಇಲ್ಲವೇ ಕರೆದು ಬಂದ ಮೇಲೆ ಇಡಿರಿ. ಎರಡೂ ಆಗದಿದ್ದರೆ ಮನೆಯ ದೊಡ್ಡವರೊಬ್ಬರು ಒಲೆಯ ಹತ್ತಿರವೇ ಇರಲಿ, ಆ ಕೆಲಸವನ್ನು ಮಕ್ಕಳಿಗೆ ಒಪ್ಪಿಸಬೇಡಿ. ಅಡುಗೆ ಕಾಲು ಗಂಟೆ ತಡವಾದರೆ ನಷ್ಟವೇನೂ ಇಲ್ಲ. ಮುಂದಿನ ಸಲ ಸಂಘದಲ್ಲಿ ಸೇರಿದಾಗ ಸದಸ್ಯರು ಈ ವಿಷಯವನ್ನು ಮಾತನಾಡಿಕೊಳ್ಳಲಿ. ಇಂದು ಸಂಜೆಯೇ ನಿಮ್ಮ ಮನೆಯ ಕುಕ್ಕರಿನ ಮುಚ್ಚಳವನ್ನು ಬೆಳಕಿಗೆ ಹಿಡಿದು ಒಮ್ಮೆ ನೋಡಿರಿ.