ಘಾಟಿ ಹತ್ತುವ ಟೆಂಪೊ: ಹೆಚ್.ಪಿ. ಒಂದನ್ನೇ ನೋಡಿದರೆ ಸಾಲದು



ನಮ್ಮ ಕ್ಯಾಟರಿಂಗ್ ಉದ್ಯಮದಲ್ಲಿ ಅಡುಗೆ ಎಷ್ಟೇ ರುಚಿಯಾಗಿದ್ದರೂ ಪಂಕ್ತಿ ಕೂರುವ ಮೊದಲು ಮಂಟಪ ತಲುಪದಿದ್ದರೆ ಅದಕ್ಕೆ ಬೆಲೆಯಿಲ್ಲ. ಮುಂಬಯಿ, ಪುಣೆ ಕಡೆಯ ನಮ್ಮವರು ಈಗ ಲೋಣಾವಳ, ಪಂಚಗಣಿ, ಮಹಾಬಲೇಶ್ವರದ ಮದುವೆಗಳಿಗೂ ಆರ್ಡರ್ ಹಿಡಿಯುತ್ತಾರೆ. ಅಂದರೆ ಖೋಪೋಲಿಯಿಂದ ಬೋರ್ ಘಾಟ್, ವಾಯಿಯಿಂದ ಪಾಸರಣಿ ಘಾಟ್ ಹತ್ತಲೇಬೇಕು. ಟೆಂಪೊ ಕೊಳ್ಳುವಾಗ ಮಾತ್ರ ನಮ್ಮಲ್ಲಿ ಹೆಚ್ಚಿನವರು ಕೇಳುವುದು ಎರಡೇ ಪ್ರಶ್ನೆ: ಎಷ್ಟು ಹೆಚ್.ಪಿ.? ಎಷ್ಟು ಆವರೇಜ್? ಭಾರ ಎಳೆಯುವ ಶಕ್ತಿ ಎಲ್ಲಿಂದ ಬರುತ್ತದೆ ಎಂದು ತಿಳಿದಿದ್ದರೆ ಹಣವೂ ಉಳಿಯುತ್ತದೆ, ಹುಡುಗರ ಜೀವವೂ ಉಳಿಯುತ್ತದೆ.

ಮಿಕ್ಸಿ ಮತ್ತು ಗ್ರೈಂಡರ್

ಇದನ್ನು ಅರಿಯಲು ಇಂಜಿನಿಯರ್ ಆಗಬೇಕಿಲ್ಲ, ನಮ್ಮ ಅಡುಗೆಮನೆ ಸಾಕು. 750 ವ್ಯಾಟ್‌ನ ಮಿಕ್ಸಿ ಎಂದರೆ ಹೆಚ್ಚುಕಡಿಮೆ 1 ಹೆಚ್.ಪಿ. ಹತ್ತು ಲೀಟರಿನ ಹೋಟೆಲ್ ಗ್ರೈಂಡರಿಗೂ ಸಾಮಾನ್ಯವಾಗಿ 1 ಹೆಚ್.ಪಿ. ಮೋಟಾರೇ ಇರುತ್ತದೆ. ಶಕ್ತಿ ಒಂದೇ ಆದರೂ ಗ್ರೈಂಡರಿನಷ್ಟು ಉದ್ದಿನ ಬೇಳೆಯನ್ನು ಮಿಕ್ಸಿ ಒಮ್ಮೆಗೆ ತಿರುಗಿಸಲಾರದು. ಏಕೆ? ಮಿಕ್ಸಿಯ ಶಕ್ತಿಯೆಲ್ಲ ನಿಮಿಷಕ್ಕೆ ಹದಿನೆಂಟು ಸಾವಿರ ಸುತ್ತಿನ ವೇಗಕ್ಕೆ ಹೋಗುತ್ತದೆ. ಗ್ರೈಂಡರಿನ ಮೋಟಾರು 1,440 ಸುತ್ತು ತಿರುಗಿದರೂ ಚಿಕ್ಕ ಪುಲ್ಲಿಯಿಂದ ದೊಡ್ಡ ಪುಲ್ಲಿಗೆ ಬೆಲ್ಟ್ ಹಾಕಿ ಕಲ್ಲನ್ನು ನಿಧಾನಕ್ಕೆ ತಿರುಗಿಸುತ್ತಾರೆ. ವೇಗ ಹತ್ತರಲ್ಲಿ ಒಂದು ಪಾಲಾದರೆ ತಿರುಗಿಸುವ ಬಲ ಹತ್ತು ಪಟ್ಟಾಗುತ್ತದೆ.

ಆ ತಿರುಗಿಸುವ ಬಲವೇ ಟಾರ್ಕ್. ಒಂದು ಮೀಟರ್ ಉದ್ದದ ಪಾನಾದ ತುದಿಗೆ 20 ಕಿಲೋ ತೂಕ ತೂಗುಹಾಕಿದರೆ ನಟ್ಟಿನ ಮೇಲೆ ಬೀಳುವ ಬಲ ಸುಮಾರು 200 ನ್ಯೂಟನ್ ಮೀಟರ್. ಹೆಚ್.ಪಿ. ಎಂದರೆ ಕೆಲಸದ ವೇಗ. 75 ಕಿಲೋ ತೂಕವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತಿದರೆ ಅದು 1 ಹೆಚ್.ಪಿ. ಟಾರ್ಕನ್ನು ಸುತ್ತಿನಿಂದ ಗುಣಿಸಿದಾಗ ಹೆಚ್.ಪಿ. ಸಿಗುತ್ತದೆ. ಪುಲ್ಲಿಯ ಕೆಲಸವನ್ನು ವಾಹನದಲ್ಲಿ ಗೇರ್ ಬಾಕ್ಸ್ ಮತ್ತು ಹಿಂದಿನ ಆಕ್ಸಲ್‌ನ ಹಲ್ಲುಚಕ್ರಗಳು ಮಾಡುತ್ತವೆ.

2018ರಲ್ಲಿ ಬಂದ ಪೆಟ್ರೋಲ್ ಸ್ವಿಫ್ಟ್ ಕಾರಿಗೆ ಸುಮಾರು 83 ಹೆಚ್.ಪಿ., ಟಾರ್ಕ್ 113. ಎರಡೂವರೆ ಲೀಟರ್ ಡೀಸೆಲ್‌ನ ಬೊಲೆರೊ ಪಿಕಪ್‌ಗೆ ಸುಮಾರು 75 ಹೆಚ್.ಪಿ., ಟಾರ್ಕ್ 200. ಹೆಚ್.ಪಿ.ಯಲ್ಲಿ ಕಾರು ಮುಂದು, ಭಾರ ಎಳೆಯುವುದರಲ್ಲಿ ಪಿಕಪ್ ಮುಂದು. ಅದೂ ಒಂದೂವರೆ ಸಾವಿರ ಸುತ್ತಿನ ಹತ್ತಿರವೇ ಅದರ ಪೂರ್ತಿ ಬಲ ಸಿಗುತ್ತದೆ. ಕಾರಿನ ಇಂಜಿನನ್ನು ನಾಲ್ಕು ಸಾವಿರದವರೆಗೆ ಕಿರುಚಿಸಬೇಕು. ನಲವತ್ತು ಹೆಚ್.ಪಿ. ಟ್ರ್ಯಾಕ್ಟರ್ ಕಬ್ಬಿನ ಟ್ರಾಲಿ ಎಳೆಯುವುದೂ ಹೀಗೆಯೇ, ನಿಧಾನದ ಗೇರಿನ ಬಲದಿಂದ.

ಘಾಟಿಯ ಲೆಕ್ಕ

ಟೆಂಪೊ, ಸರಕು, ಜನ ಸೇರಿ 3,000 ಕಿಲೋ ಎಂದಿಟ್ಟುಕೊಳ್ಳಿ. ಹತ್ತು ಮೀಟರಿಗೆ ಒಂದು ಮೀಟರ್ ಏರುವ ರಸ್ತೆಯಲ್ಲಿ ಅದರ ಹತ್ತನೇ ಒಂದು ಪಾಲು, ಅಂದರೆ 300 ಕಿಲೋ ಬಲ ವಾಹನವನ್ನು ಹಿಂದಕ್ಕೆ ಜಗ್ಗುತ್ತದೆ. ಟಯರ್ ಉರುಳುವ ತಡೆ ಸೇರಿಸಿದರೆ ಸುಮಾರು 345 ಕಿಲೋ.

ಇಂಜಿನ್ ಟಾರ್ಕ್ 200, ಆಕ್ಸಲ್‌ನಲ್ಲಿ ನಾಲ್ಕು ಪಟ್ಟು, ಚಕ್ರದ ನಡುವಿನಿಂದ ನೆಲಕ್ಕೆ 35 ಸೆಂಟಿಮೀಟರ್, ನೂರಕ್ಕೆ ಹದಿನೈದು ನಷ್ಟ ಎಂದು ಹಿಡಿಯೋಣ. ಮೂರನೇ ಗೇರ್ 1.4 ಪಟ್ಟಿನದಾದರೆ ಚಕ್ರ ಎಳೆಯುವುದು ಸುಮಾರು 275 ಕಿಲೋ ಮಾತ್ರ. ಬೇಕಾದದ್ದು 345. ಗಾಡಿ ಉಸಿರು ಕಟ್ಟುತ್ತದೆ. ಎರಡನೇ ಗೇರ್ 2.3 ಪಟ್ಟಿನದಾದರೆ 450 ಕಿಲೋ ಎಳೆಯುತ್ತದೆ, ಆರಾಮವಾಗಿ ಹತ್ತುತ್ತದೆ. ಆದರೆ ಇದೇ ಗಾಡಿಗೆ ಇನ್ನೂ 500 ಕಿಲೋ ಹೇರಿ ನೋಡಿ. ಬೇಕಾದ ಬಲ 400 ದಾಟಿತು. ಕಡಿದಾದ ತಿರುವಿನಲ್ಲಿ ಎರಡನೇ ಗೇರೂ ಸಾಲದೆ ಮೊದಲನೆಯದಕ್ಕೆ ಇಳಿಯಬೇಕು. ಮುಂದಿನ ಲಾರಿ ನಿಂತಿತೋ, ಅರ್ಧ ಕ್ಲಚ್ಚಿನಲ್ಲಿ ಹಿಡಿದು ಹಿಡಿದು ಕ್ಲಚ್ ಪ್ಲೇಟಿನ ವಾಸನೆ ಬರುತ್ತದೆ.

ಹಾಗಾದರೆ ಹೆಚ್.ಪಿ. ಬೇಡವೇ? ಬೇಕು. ಗೇರ್ ಬಲ ಕೊಡುತ್ತದೆ, ಆದರೆ ವೇಗವನ್ನು ಕಿತ್ತುಕೊಳ್ಳುತ್ತದೆ. 75 ಹೆಚ್.ಪಿ. ಪೂರ್ತಿ ಹಚ್ಚಿದರೂ 3,000 ಕಿಲೋ ಗಾಡಿ ಆ ಏರಿನಲ್ಲಿ ಗಂಟೆಗೆ 50 ಕಿಲೋಮೀಟರಿಗಿಂತ ವೇಗವಾಗಿ ಹೋಗಲಾರದು. ಹತ್ತುವುದೋ ಇಲ್ಲವೋ ಎಂಬುದನ್ನು ಟಾರ್ಕ್ ಮತ್ತು ಗೇರ್ ಹೇಳುತ್ತವೆ, ಎಷ್ಟು ಹೊತ್ತಿಗೆ ಹತ್ತುತ್ತದೆ ಎಂಬುದನ್ನು ಹೆಚ್.ಪಿ. ಹೇಳುತ್ತದೆ. ಇವು ಹೊಂದದಿದ್ದರೆ ಎತ್ತು ಏರಿಗೆ, ಕೋಣ ನೀರಿಗೆ ಎಂಬ ಗಾದೆಯಂತೆಯೇ.

ತೂಕ ನಮ್ಮ ಕೈಯಲ್ಲಿದೆ

2005ರಲ್ಲಿ ಟಾಟಾ ಏಸ್ ಬಂದಾಗ ಅದರ 702 ಸಿ.ಸಿ. ಇಂಜಿನ್‌ಗೆ 16 ಹೆಚ್.ಪಿ., ಹೊರುವ ಭಾರ ಸುಮಾರು 750 ಕಿಲೋ. ಗಲ್ಲಿಗಲ್ಲಿಗೆ ಟಿಫಿನ್ ಸಾಗಿಸಲು ಅದು ನಮಗೆಲ್ಲ ಅನುಕೂಲವಾಯಿತು. ಆದರೆ 20 ಲೀಟರಿನ ನೀರಿನ ಕ್ಯಾನ್ 40 ಇಟ್ಟರೆ ಅಲ್ಲಿಗೇ 800 ಕಿಲೋ ದಾಟಿತು, ಪಾತ್ರೆ ಇನ್ನೂ ಏರಿಲ್ಲ! ತುಂಬಿದ 19 ಕಿಲೋ ಗ್ಯಾಸ್ ಸಿಲಿಂಡರ್ ಒಂದೊಂದೂ 35 ಕಿಲೋ ಮೀರುತ್ತದೆ. ನೂರು ಲೀಟರ್ ಸಾಂಬಾರೆಂದರೆ ಕೊಳಗ ಬಿಟ್ಟು ನೂರು ಕಿಲೋ. ನೀರು, ಅಕ್ಕಿ, ಸಿಲಿಂಡರನ್ನು ಘಾಟಿಯ ಮೇಲಿನ ಊರಿನಲ್ಲೇ ಹೊಂದಿಸಿಕೊಂಡರೆ ಅರ್ಧ ಭಾರ ಇಳಿಯುತ್ತದೆ. ಅರ್ಧ ತುಂಬಿದ ಕೊಳಗದ ಸಾಂಬಾರು ತಿರುವಿನಲ್ಲಿ ತುಳುಕಿ ಗಾಡಿಯನ್ನು ಪಕ್ಕಕ್ಕೆ ಎಳೆಯುತ್ತದೆ, ಅದನ್ನು ಮುಚ್ಚಳ ಬಿಗಿದು ಕೆಳಗೆ, ನಡುವೆ ಇಡಿ.

ಆರ್.ಸಿ. ಪುಸ್ತಕದಲ್ಲಿ ಒಟ್ಟು ತೂಕದಿಂದ ಖಾಲಿ ಗಾಡಿಯ ತೂಕ ಕಳೆಯಿರಿ. ಉಳಿದದ್ದರಲ್ಲೇ ಚಾಲಕ, ಕ್ಲೀನರ್, ಸರಕು ಎಲ್ಲ ಬರಬೇಕು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಂತೆ ಹೆಚ್ಚು ಭಾರಕ್ಕೆ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000. ಬಡಿಸುವ ಹುಡುಗರನ್ನು ಪಾತ್ರೆಗಳ ನಡುವೆ ಕೂರಿಸಿ ಕಳಿಸುವ ಪದ್ಧತಿಯನ್ನಂತೂ ದಯವಿಟ್ಟು ನಿಲ್ಲಿಸಿ. ಅವರು ನಮ್ಮನ್ನು ನಂಬಿ ಊರು ಬಿಟ್ಟು ಬಂದವರು.

ಇಳಿಯುವಾಗ ಇನ್ನೂ ಜಾಗ್ರತೆ

ಹತ್ತುವಾಗ ಕೈಕೊಟ್ಟರೆ ಗಾಡಿ ನಿಲ್ಲುತ್ತದೆ, ಇಳಿಯುವಾಗ ಕೈಕೊಟ್ಟರೆ ನಿಲ್ಲುವುದಿಲ್ಲ. ಹತ್ತಿದ ಗೇರಿನಲ್ಲೇ ಇಳಿಯಬೇಕೆಂದು ಹಳೆಯ ಲಾರಿ ಚಾಲಕರು ಹೇಳುವುದು ಇದಕ್ಕೇ. ಚಿಕ್ಕ ಗೇರಿನಲ್ಲಿ ಇಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ನ್ಯೂಟ್ರಲ್ ಮಾಡಿದರೆ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು, ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಡೀಸೆಲ್ ಉಳಿಯುತ್ತದೆಂಬುದೂ ತಪ್ಪು. ಈಗಿನ ಇಂಜಿನ್‌ಗಳಲ್ಲಿ ಗೇರಿನಲ್ಲೇ ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ತಾನಾಗಿ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲಿ ಇಂಜಿನ್ ಓಡಲು ಡೀಸೆಲ್ ಬೇಕೇ ಬೇಕು.

ಕೊಳ್ಳುವ ಮುನ್ನ ಕೇಳಿ

ಪೂರ್ತಿ ಟಾರ್ಕ್ ಎಷ್ಟು ಸುತ್ತಿಗೆ ಸಿಗುತ್ತದೆ? ಕಡಿಮೆ ಸುತ್ತಿಗೆ ಸಿಕ್ಕಷ್ಟೂ ಒಳ್ಳೆಯದು. ಭರ್ತಿ ಭಾರದಲ್ಲಿ ಎಷ್ಟು ಏರು ಹತ್ತುತ್ತದೆ? ಇದಕ್ಕೆ ಗ್ರೇಡೆಬಿಲಿಟಿ ಎನ್ನುತ್ತಾರೆ, ಶೇಕಡಾ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ಟ್ರಯಲ್‌ಗೆ ಖಾಲಿ ಗಾಡಿ ಬೇಡ, ಭಾರ ಹೇರಿ ಮೇಲ್ಸೇತುವೆಯ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ ನೋಡಿ. ಕಂಪನಿ ಕೊಟ್ಟಿದ್ದಕ್ಕಿಂತ ದೊಡ್ಡ ಟಯರ್ ಹಾಕಿಸಬೇಡಿ, ಚಕ್ರ ದೊಡ್ಡದಾದಷ್ಟೂ ಎಳೆತ ಕಡಿಮೆಯಾಗುತ್ತದೆ.

ವಿದ್ಯುತ್ ಟೆಂಪೊ ನೋಡುವವರು ಗಮನಿಸಿ. 2022ರಲ್ಲಿ ಬಂದ ಏಸ್ ಇವಿಗೆ ಟಾರ್ಕ್ 130, ಅದೂ ನಿಂತಲ್ಲಿಂದಲೇ. ಆದ್ದರಿಂದ ಏರಿನಲ್ಲಿ ಹೊರಡುವುದು ಸುಲಭ. ಆದರೆ ಭಾರ ಹೊತ್ತು ಘಾಟಿ ಹತ್ತಿದರೆ ಬ್ಯಾಟರಿ ಬೇಗ ಇಳಿಯುತ್ತದೆ. ಊರೊಳಗಿನ ಓಡಾಟಕ್ಕೆ ಅದು ಸರಿ, ದೂರದ ಘಾಟಿಗೆ ಚಾರ್ಜಿಂಗ್ ಎಲ್ಲಿದೆಯೆಂದು ಮೊದಲೇ ನೋಡಿಕೊಳ್ಳಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಟೆಂಪೊ ಹೊರುವಷ್ಟೇ ಹೇರಿ, ಅರ್ಧ ಗಂಟೆ ಮೊದಲೇ ಹೊರಡಿಸಿ. ಎರಡು ಟ್ರಿಪ್ಪಿನ ಡೀಸೆಲ್ ಖರ್ಚು ಒಂದು ಮದುವೆ ಮನೆಯ ಮುಂದೆ ಹೋಗುವ ಮಾನಕ್ಕಿಂತ ದೊಡ್ಡದಲ್ಲ.