ವೆಬ್‌ಸೈಟ್ ಕಟ್ಟುವವರ ಕಂಪ್ಯೂಟರ್ ಹೇಗಿರಬೇಕು?

ವೆಬ್‌ಸೈಟ್ ಕಟ್ಟುವ ಕೆಲಸಕ್ಕೆ ಹೊಸದಾಗಿ ಇಳಿದವರನ್ನು ಪೇಚಿಗೆ ಸಿಲುಕಿಸುವ ಹಳೆಯ ತೊಡಕೊಂದಿದೆ. ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಪುಟ ಚೆಂದವಾಗಿ ತೆರೆಯುತ್ತದೆ, ಚಿತ್ರಗಳೆಲ್ಲ ಕಾಣುತ್ತವೆ. ಅದೇ ಫೈಲುಗಳನ್ನು ಸರ್ವರ್‌ಗೆ ಹಾಕಿದರೆ ಲೋಗೋ ಮಾಯ! ಹುಡುಕಿ ಸುಸ್ತಾದ ಮೇಲೆ ತಿಳಿಯುತ್ತದೆ: ಫೈಲಿನ ಹೆಸರು ಇಂಗ್ಲಿಷಿನ ದೊಡ್ಡ ಅಕ್ಷರದಿಂದ ಶುರುವಾಗಿದೆ, ಕೋಡಿನಲ್ಲಿ ಚಿಕ್ಕ ಅಕ್ಷರವಿದೆ. ವಿಂಡೋಸ್ ಮತ್ತು ಮ್ಯಾಕ್ ಸಾಮಾನ್ಯವಾಗಿ ಇವೆರಡನ್ನೂ ಒಂದೇ ಎಂದುಕೊಂಡು ಸುಮ್ಮನಾಗುತ್ತವೆ. ಲಿನಕ್ಸ್ ಒಪ್ಪುವುದಿಲ್ಲ.

ಜಗತ್ತಿನ ಬಹುಪಾಲು ವೆಬ್ ಸರ್ವರ್‌ಗಳು ಓಡುವುದು ಲಿನಕ್ಸ್ ಮೇಲೆ. ಹಾಗಾಗಿ ಯಾವ ಆಪರೇಟಿಂಗ್ ಸಿಸ್ಟಮ್ ಒಳ್ಳೆಯದು ಎಂಬ ವಾದಕ್ಕಿಂತ, ಕೈಯಲ್ಲಿರುವ ಯಂತ್ರ ಆ ಸರ್ವರ್‌ಗೆ ಎಷ್ಟು ಹತ್ತಿರದ್ದು ಎಂದು ನೋಡುವುದು ಜಾಣತನ.

ಅತಿ ಹತ್ತಿರದ್ದು ಲಿನಕ್ಸೇ. ಉಬುಂಟುವಿಗೆ ಹಣ ಕೊಡಬೇಕಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಅದರ ದೀರ್ಘಾವಧಿ ಆವೃತ್ತಿಗೆ ಐದು ವರ್ಷ ಸುರಕ್ಷತಾ ಅಪ್‌ಡೇಟ್ ಸಿಗುತ್ತದೆ. ವಿಂಡೋಸ್ 11 ಹಾಕಲಾಗದ ಹಳೆಯ ಲ್ಯಾಪ್‌ಟಾಪ್‌ಗಳಿಗೂ ಇದು ಮರುಜೀವ ಕೊಡಬಲ್ಲದು. ಆದರೆ ಫೋಟೋಶಾಪ್ ಇಲ್ಲದೆ ಕೈಕಾಲಾಡದ ವಿನ್ಯಾಸಕರು ಇತ್ತ ಬರುವ ಮುನ್ನ ಯೋಚಿಸಬೇಕು. ಅಡೋಬಿ ಅದನ್ನು ಲಿನಕ್ಸ್‌ಗೆ ಕೊಟ್ಟಿಲ್ಲ.

ವಿಂಡೋಸ್‌ನದು ಸ್ವಾರಸ್ಯದ ಕಥೆ. 2001ರಲ್ಲಿ ಲಿನಕ್ಸನ್ನು ಕ್ಯಾನ್ಸರ್‌ಗೆ ಹೋಲಿಸಿದವರು ಮೈಕ್ರೋಸಾಫ್ಟ್‌ನ ಆಗಿನ ಮುಖ್ಯಸ್ಥ ಸ್ಟೀವ್ ಬಾಲ್ಮರ್. 2016ರಲ್ಲಿ ಅದೇ ಕಂಪನಿ ವಿಂಡೋಸ್ ಒಳಗೇ ಉಬುಂಟುವಿನ ಕಮಾಂಡುಗಳು ಓಡುವ ವ್ಯವಸ್ಥೆ ತಂದಿತು! ‘ಡಬ್ಲ್ಯುಎಸ್‌ಎಲ್’ ಎಂದು ಕರೆಯುವ ಅದರ ಎರಡನೇ ಆವೃತ್ತಿಯಲ್ಲಿ ಇರುವುದು ಅಸಲಿ ಲಿನಕ್ಸ್ ಕರ್ನಲ್, ಅಂದರೆ ಆ ಸಿಸ್ಟಮ್‌ನ ತಿರುಳು. ಮನೆಯಲ್ಲಿ ಈಗಾಗಲೇ ವಿಂಡೋಸ್ ಲ್ಯಾಪ್‌ಟಾಪ್ ಇರುವ ವಿದ್ಯಾರ್ಥಿ ಹೊಸದನ್ನು ಕೊಳ್ಳಲು ಸಾಲ ಮಾಡಬೇಕಾದ ಕಾಲ ಇದರಿಂದ ಮುಗಿದಂತೆಯೇ. ಒಂದೇ ಎಚ್ಚರ: ಕೋಡನ್ನು ಸಿ ಡ್ರೈವ್‌ನಲ್ಲಿಟ್ಟು ಲಿನಕ್ಸ್ ಕಡೆಯಿಂದ ಓಡಿಸಿದರೆ ಎಲ್ಲವೂ ತೆವಳುತ್ತದೆ. ಅದನ್ನು ಲಿನಕ್ಸ್‌ನದೇ ಫೋಲ್ಡರಿನಲ್ಲಿ ಇಡಬೇಕು. ರ‍್ಯಾಮ್ 4 ಜಿಬಿ ಮಾತ್ರ ಇದ್ದರೆ ಈ ಎರಡು ಎತ್ತಿನ ಗಾಡಿ ಎಳೆಯಲು ಹೋಗದೆ ನೇರವಾಗಿ ಲಿನಕ್ಸ್ ಹಾಕಿಕೊಳ್ಳುವುದೇ ಲೇಸು.

ಮ್ಯಾಕ್ ಯುನಿಕ್ಸ್ ವಂಶದ್ದು, ಲಿನಕ್ಸ್‌ಗೆ ದಾಯಾದಿ. ಟರ್ಮಿನಲ್ ಅಭ್ಯಾಸಗಳು ಬಹುತೇಕ ಹಾಗೇ ನಡೆಯುತ್ತವೆ. ಅದರ ನಿಜವಾದ ಬಲ ಬೇರೆಡೆ ಇದೆ: ಸೈಟ್ ಸಫಾರಿಯಲ್ಲಿ, ಐಫೋನಿನಲ್ಲಿ ಹೇಗೆ ಕಾಣುತ್ತದೆಂದು ನೋಡುವುದರಲ್ಲಿ. ವಿಂಡೋಸ್‌ಗೆ ಸಫಾರಿ ಬ್ರೌಸರ್ ಕೊಡುವುದನ್ನು ಆ್ಯಪಲ್ 2012ರಲ್ಲೇ ನಿಲ್ಲಿಸಿದೆ. ಆ್ಯಪಲ್‌ನ ಐಫೋನ್ ಸಿಮ್ಯುಲೇಟರ್ ಓಡುವುದೂ ಮ್ಯಾಕ್ ಮೇಲೆ ಮಾತ್ರ. ಐಫೋನ್ ಗ್ರಾಹಕರೇ ಹೆಚ್ಚಿರುವ ಸೈಟ್ ಮಾಡುವ ಕಂಪನಿ ಒಂದು ಮ್ಯಾಕ್ ಇಟ್ಟುಕೊಳ್ಳುವುದರಲ್ಲಿ ಅರ್ಥವಿದೆ. ಕಲಿಯುವವರಿಗೆ ಅಷ್ಟು ದುಡ್ಡು ಸುರಿಯುವ ಅಗತ್ಯವಿಲ್ಲ.

ಕನ್ನಡದ ಸೈಟ್ ಮಾಡುವವರಿಗೆ ಇನ್ನೊಂದು ಪರೀಕ್ಷೆ ಕಾದಿರುತ್ತದೆ. ಕನ್ನಡಕ್ಕೆ ವಿಂಡೋಸ್‌ನಲ್ಲಿ ನಿರ್ಮಲಾ ಯುಐ, ಮ್ಯಾಕ್‌ನಲ್ಲಿ ಕನ್ನಡ ಸಂಗಮ್, ಆಂಡ್ರಾಯ್ಡ್‌ನಲ್ಲಿ ನೋಟೊ ಫಾಂಟುಗಳಿವೆ. ಅಕ್ಷರಗಳ ಅಗಲ ಒಂದೊಂದರಲ್ಲಿ ಒಂದೊಂದು ಥರ. ಹೀಗಾಗಿ ಒಂದು ಯಂತ್ರದಲ್ಲಿ ಒಂದೇ ಸಾಲಿನಲ್ಲಿ ಕೂತ ಶೀರ್ಷಿಕೆ ಇನ್ನೊಂದರಲ್ಲಿ ಎರಡು ಸಾಲಾಗಿ ಮುರಿಯಬಹುದು. ಇಂಗ್ಲಿಷಿಗೆ ಹೊಂದುವ ಸಾಲಿನ ಎತ್ತರವನ್ನೇ ಕನ್ನಡಕ್ಕೂ ಇಟ್ಟರೆ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಗೆ ತಾಗುತ್ತವೆ. ಫಾಂಟನ್ನು ಸೈಟಿನ ಜೊತೆಗೇ ಕಳಿಸಿದರೆ ಈ ತಾಪತ್ರಯ ಬಹಳಷ್ಟು ತಪ್ಪುತ್ತದೆ. ಆದರೂ ಸೈಟನ್ನು ಊರಿಗೆಲ್ಲ ತೋರಿಸುವ ಮುಂಚೆ ಒಂದು ಅಗ್ಗದ ಆಂಡ್ರಾಯ್ಡ್ ಫೋನಿನಲ್ಲಿ ತೆರೆದು ‘ರಾಷ್ಟ್ರೀಯ’, ‘ವೈಶಿಷ್ಟ್ಯ’ದಂಥ ಪದಗಳು ಹೇಗೆ ಕಾಣುತ್ತವೆಂದು ನೋಡಲೇಬೇಕು.